ಜೀಪಿಗೊಂದು ಸೂರು, ಅದೂ ಅಪರಾಧವೇ?

ಕೊಚ್ಚಿಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಇಲ್ಲಿಯ ಮಳೆ ಜೂನ್‌ನಲ್ಲಿ ಹಿಡಿದರೆ ತುಲಾವರ್ಷ ಮುಗಿಯೋವರೆಗೂ ಬಿಡಲ್ಲ. ಮಗನ ಹತ್ತಿರ ಕ್ಯಾನ್ವಾಸ್ ಟಾಪಿನ ಹಳೇ ಮಹೀಂದ್ರ ಥಾರ್ ಇದೆ. ತಿರುವನಂತಪುರಕ್ಕೆ ಸುಮಾರು 200 ಕಿಲೋಮೀಟರ್. ಆಲಪ್ಪುಳ ದಾಟೋಷ್ಟರಲ್ಲಿ ಸೀಟೆಲ್ಲಾ ಒದ್ದೆ. ಬೋಲ್ಟ್ ಬಿಚ್ಚಿದರೆ ಕಳಚಿ ಬರೋ ಫೈಬರ್ ಹಾರ್ಡ್‌ಟಾಪ್ ಹಾಕಿಸೋಣ ಅಂದ್ರೆ, ಅದು ಕಾನೂನಿಗೆ ವಿರುದ್ಧವಂತೆ!

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. ಕೇರಳ ಹೈಕೋರ್ಟು ಸ್ವಲ್ಪ ಸಡಿಲ ಬಿಟ್ಟಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಸರಿ, ಒಪ್ಪೋಣ. ವಾಹನ ಸಾಲ ಕೊಟ್ಟು ಕೊಟ್ಟು ತಲೆ ನರೆತವನು ನಾನು. ಕಾಗದ ಒಂದು, ಗಾಡಿ ಇನ್ನೊಂದು ಆಗಬಾರದು.

ಆದ್ರೆ ಸ್ವಾಮಿ, 2020ರ ಹೊಸ ಥಾರನ್ನು ಕಂಪನಿಯೇ ಎರಡೂ ಬಗೆಯ ಟಾಪಿನಲ್ಲಿ ಮಾರಿತಲ್ಲ? ಅದು ಪರೀಕ್ಷೆಯಾದದ್ದು ಅಂತೀರಿ. ಹಾಗಾದ್ರೆ ನಮ್ಮದನ್ನೂ ಪರೀಕ್ಷೆ ಮಾಡಿ! ತೂಕ ಹಾಕಿ, ಬಿಗಿ ನೋಡಿ, ಫೀಸು ತಗೊಂಡು ಆರ್‌ಸಿಯಲ್ಲಿ ಬರೆಯಿರಿ. ದಾರಿ ಮುಚ್ಚಿದರೆ ಜನ ಕದ್ದು ಹಾಕಿಸ್ತಾರೆ. ಬೋಲ್ಟು ಸಡಿಲಾಗಿ ಅದು ಹಾರಿ ಹಿಂದಿನ ಬೈಕಿನವನ ಮೇಲೆ ಬಿದ್ದರೆ ಯಾರು ಹೊಣೆ?

ಸದ್ಯಕ್ಕೆ ಮಗನಿಗೆ ರೇನ್‌ಕೋಟ್ ಕೊಡಿಸಿದ್ದೀನಿ. ಗಾಡಿಯೊಳಗೆ ಕೂತು ಹಾಕ್ಕೊಳ್ಳೋಕೆ!