ಸೂರಿನ ದೋಣಿಗೊಂದು ಜಾಲರಿ

ಅಂಗಳದಲ್ಲಿ ಮರವಿರುವ ಹೆಂಚಿನ ಮನೆಗಳಲ್ಲಿ, ಭರಣಿ ಕೃತ್ತಿಕೆಗಳ ಮೊದಲ ಜೋರು ಮಳೆ ಬಿದ್ದಂದು ಒಂದು ವಿಚಾರಣೆ ನಡೆಯುವುದುಂಟು. ಸೂರಿನ ದೋಣಿಯಲ್ಲಿ ಹರಿದು ಕೊಳವೆಯಲ್ಲಿಳಿಯಬೇಕಾದ ನೀರು ದೋಣಿಯ ಅಂಚನ್ನು ಮೀರಿ ಬಾಗಿಲ ಮುಂದೆ ಪರದೆಯಂತೆ ಸುರಿಯುತ್ತದೆ. ಪಡಸಾಲೆಯ ಗೋಡೆಯಲ್ಲಿ ತೇವದ ಕಲೆ ಮೂಡುತ್ತದೆ. ಯಜಮಾನರು ತಲೆಯೆತ್ತಿ ನೋಡುತ್ತಾರೆ. ಅಲ್ಲಿ ಹೊಂಗೆಯೋ ಗುಲ್‌ಮೊಹರೋ ಏನೂ ಅರಿಯದಂತೆ ತಲೆದೂಗುತ್ತಿರುತ್ತದೆ. ಅಪರಾಧಿ ಸಿಕ್ಕಿದಂತಾಯಿತು, ಸಾಕ್ಷ್ಯಕ್ಕೆ ದೋಣಿಯ ತುಂಬ ಎಲೆಯಿದೆ. ಇನ್ನುಳಿದದ್ದು ಕೊಡಲಿಯವನಿಗೆ ಹೇಳಿಕಳುಹಿಸುವುದೊಂದೇ. ಆದರೆ ಮೂವತ್ತು ವರ್ಷ ನೆರಳಿತ್ತ ಮರಕ್ಕೆ ಇಂಥ ತೀರ್ಪು ಕೊಡುವ ಮುನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಗಜ ಜಾಲರಿಯ ಬೆಲೆಯನ್ನು ವಿಚಾರಿಸುವುದು ಲೇಸು.

ಸೂರಿನ ನೀರನ್ನು ಹಿಡಿದು ದೂರ ಸಾಗಿಸುವ ಯುಕ್ತಿ ಹೊಸದೇನಲ್ಲ. ಕರಾವಳಿ ಮಲೆನಾಡುಗಳಲ್ಲಿ ಅಡಿಕೆಯ ಮರವನ್ನು ಸೀಳಿ, ತಿರುಳು ತೆಗೆದು ಮಾಡಿದ ದಂಬೆಯೇ ನೀರಿನ ದೋಣಿಯಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ತರುವಾಯ ಮಂಗಳೂರು ಹೆಂಚು ನಾಡಿನ ಊರೂರನ್ನೂ ಹೊಕ್ಕಿತು. ಅದರ ಸೂರಿಗೆ ಸತುವಿನ ಲೇಪವಿರುವ ತಗಡಿನ ದೋಣಿ ಬಂತು. ಈಗ ಪಿವಿಸಿ ದೋಣಿಯೂ ಬಂದಿದೆ. ವಸ್ತು ಬದಲಾದರೂ ಕೆಲಸ ಬದಲಾಗಿಲ್ಲ. ಛಾವಣಿಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಕಾಯುವುದೇ ದೋಣಿಯ ಧರ್ಮ.

ಆ ನೀರಿನ ಮೊತ್ತವೇನೂ ಅಲ್ಪವಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 100 ಚದರ ಮೀಟರಿನ ಛಾವಣಿಯ ಮೇಲೆ 20 ಮಿಲಿಮೀಟರು ಮಳೆ ಸುರಿದರೆ 2,000 ಲೀಟರು. ತೂಕದಲ್ಲಿ ಎರಡು ಟನ್ನು. ಇಷ್ಟು ನೀರಿನ ದಾರಿಯನ್ನು ಕೊಳವೆಯ ಬಾಯಲ್ಲಿ ಕುಳಿತ ಒಂದು ಹಿಡಿ ಕೊಳೆತ ಎಲೆ ತಡೆಯಬಲ್ಲುದು. ತಡೆದ ನೀರು ಹಿಂದಕ್ಕೆ ಸರಿದು ರೀಪು ಜಂತೆಗಳನ್ನು ನೆನೆಸುತ್ತದೆ. ಮುಂದಕ್ಕೆ ಉಕ್ಕಿ ಗೋಡೆಯ ಬುಡವನ್ನು ಕೊರೆಯುತ್ತದೆ. ಉಳಿದದ್ದು ದೋಣಿಯಲ್ಲೇ ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ. ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಮೆಚ್ಚುವುದು ಇಂಥ ನಿಂತ ನೀರನ್ನೇ. ಬೆಚ್ಚನೆಯ ಹವೆಯಲ್ಲಿ ಅದು ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಒಂದೂವರೆ ವಾರ ಸಾಕು.

ಜಾಲರಿಯನ್ನು ಕೂರಿಸುವ ಕೆಲಸ ಬಲು ಸುಲಭ. ಆದರೆ ಕ್ರಮ ತಪ್ಪಬಾರದು. ಮೊದಲು ದೋಣಿಯನ್ನು ಬರಿದು ಮಾಡಿ, ಬ್ರಷ್ಷಿನಿಂದ ಒಳಬದಿಯನ್ನು ಉಜ್ಜಬೇಕು. ಈಡಿಸ್ ಸೊಳ್ಳೆಯ ಮೊಟ್ಟೆ ನೀರಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ಈ ಉಜ್ಜುವಿಕೆ ವ್ಯರ್ಥ ಶ್ರಮವಲ್ಲ. ಬಳಿಕ ದೋಣಿಯ ಮೇಲುತುದಿಯಿಂದ ಒಂದು ಬಕೆಟ್ಟು ನೀರು ಸುರಿದು ನೋಡಬೇಕು. ಹತ್ತು ಅಡಿಗೆ ಕಾಲು ಅಂಗುಲದಿಂದ ಅರ್ಧ ಅಂಗುಲದಷ್ಟಾದರೂ ಇಳಿಜಾರಿದ್ದರೆ ನೀರು ಎಲ್ಲಿಯೂ ಮಡುಗಟ್ಟದೆ ಕೊಳವೆಯನ್ನು ಸೇರುತ್ತದೆ. ಸೇರದಿದ್ದರೆ ಜೋತುಬಿದ್ದ ಹಿಡಿಕೆಗಳನ್ನು ಮೊದಲು ಸರಿಪಡಿಸಬೇಕು. ಇಳಿಜಾರಿಲ್ಲದ ದೋಣಿಗೆ ಜಾಲರಿ ಹಾಕುವುದೆಂದರೆ ರೋಗವನ್ನು ಶಾಲು ಹೊದಿಸಿ ಮುಚ್ಚಿಟ್ಟಂತೆ.

ಇನ್ನು ಜಾಲರಿಯ ಆಯ್ಕೆ. ಹೊಂಗೆ, ಮಾವು, ಸಂಪಿಗೆಗಳ ಎಲೆಗೆ ಕಾಲಂಗುಲದ ಕಣ್ಣಿನ ಜಾಲರಿ ಧಾರಾಳವಾಯಿತು. ಗುಲ್‌ಮೊಹರು, ಹುಣಸೆ, ನೆಲ್ಲಿಗಳ ಕಿರಿಯೆಲೆಗಳು ಅದರಲ್ಲಿ ನುಸುಳಿಬಿಡುತ್ತವೆ. ಹಾಗೆಂದು ಸೊಳ್ಳೆಪರದೆಯಷ್ಟು ಸಣ್ಣ ಕಣ್ಣನ್ನು ಆರಿಸಿದರೆ, ಆ ಎಲೆಗಳೇ ಒದ್ದೆಯಾಗಿ ಮೆತ್ತಿಕೊಂಡು, ನೀರು ದೋಣಿಗಿಳಿಯದೆ ಜಾಲರಿಯ ಮೇಲೆಯೇ ಜಾರಿ ನೆಲಕ್ಕೆ ಹಾರುತ್ತದೆ. ಎಲ್ಲ ಮರಗಳಿಗೂ ಒಪ್ಪುವ ಕಣ್ಣು ಇಲ್ಲ; ತನ್ನ ಅಂಗಳದ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವವನು ಜಾಣ. ಸತು ಲೇಪಿಸಿದ ದೋಣಿಗೆ ಸತು ಲೇಪಿಸಿದ ಜಾಲರಿಯೇ ತಕ್ಕ ಜೋಡಿ. ತಾಮ್ರದ ತಂತಿಯಿಂದ ಬಿಗಿದರೆ ನೀರಿನ ಸಂಪರ್ಕದಲ್ಲಿ ತಾಮ್ರವು ಸತುವನ್ನು ಬೇಗನೆ ಸವೆಸುತ್ತದೆ.

ಜಾಲರಿಯನ್ನು ಗಜದುದ್ದದ ತುಂಡುಗಳಾಗಿ ಕತ್ತರಿಸಬೇಕು. ಅಗಲ ದೋಣಿಯ ಬಾಯಿಗಿಂತ ಎರಡಂಗುಲ ಹೆಚ್ಚಿರಲಿ. ಒಳಂಚನ್ನು ಕೊನೆಯ ಸಾಲಿನ ಹೆಂಚಿನಡಿಗೆ ತುಸು ತೂರಿಸಿ, ಹೊರಂಚನ್ನು ದೋಣಿಯ ಅಂಚಿಗೆ ತೆಳು ತಂತಿಯಿಂದ ಕಟ್ಟಬೇಕು. ದೋಣಿಯ ತಳಕ್ಕೆ ಮೊಳೆ ಹೊಡೆಯಬಾರದು. ಜಾಲರಿ ತಗ್ಗಾಗಿ ಜೋಲದೆ ಛಾವಣಿಯಂತೆಯೇ ಹೊರಗೆ ಬಾಗಿದ್ದರೆ, ಒಣಗಿದ ಎಲೆ ಗಾಳಿಗೆ ತಾನಾಗಿ ಹಾರಿಹೋಗುತ್ತದೆ. ತುಂಡಿನ ಮೇಲೆ ತುಂಡು ಎರಡಂಗುಲ ಹಾಯ್ದಿರಲಿ. ಆದರೆ ಒಂದೊಂದನ್ನೂ ಬೇರೆಯಾಗಿ ಬಿಚ್ಚಿ ಎತ್ತಲು ಬರುವಂತಿರಲಿ.

ಇಂದು ನಗರಗಳ ಬಹುಪಾಲು ಮನೆಗಳಿಗೆ ಸೂರಿಲ್ಲ, ತಾರಸಿಯಿದೆ. ಅಲ್ಲಿ ನೀರಿಳಿಯುವ ರಂಧ್ರಕ್ಕೆ ಚಪ್ಪಟೆಯಾದ ಜಾಲರಿಯನ್ನಿಡುವುದು ವಾಡಿಕೆ. ಒಂದೇ ಒಂದು ಅಗಲವಾದ ಬಾದಾಮಿಯ ಎಲೆ ಬಂದು ಕುಳಿತರೆ ಆ ರಂಧ್ರ ಪೂರ್ತಿ ಮುಚ್ಚಿತು, ತಾರಸಿ ಕೆರೆಯಾಯಿತು. ಮೇಲೆ ಹೇಳಿದ ಎರಡು ಟನ್ನಿನ ಲೆಕ್ಕವನ್ನು ಇಲ್ಲಿ ನೆನೆಯಬೇಕು. ಅದೇ ಜಾಲರಿ ಬೋರಲು ಹಾಕಿದ ಬುಟ್ಟಿಯ ಆಕಾರದಲ್ಲಿದ್ದರೆ, ತಲೆಯ ಮೇಲೆ ಎಲೆ ಬಿದ್ದರೂ ಸುತ್ತಲಿನ ಕಣ್ಣುಗಳಿಂದ ನೀರು ಇಳಿಯುತ್ತಲೇ ಇರುತ್ತದೆ.

ಏಣಿಯ ವಿಷಯದಲ್ಲಿ ಮಾತ್ರ ಧೈರ್ಯಕ್ಕಿಂತ ಭಯವೇ ಒಳ್ಳೆಯದು. ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಏಣಿಯ ಬುಡ ಗೋಡೆಯಿಂದ ದೂರವಿರಬೇಕು. ಏಣಿಯನ್ನು ದೋಣಿಗೆ ಒರಗಿಸದೆ ಗೋಡೆಗೆ ಒರಗಿಸಬೇಕು. ವಿದ್ಯುತ್ತಿನ ತಂತಿ ಹತ್ತಿರ ಹಾದುಹೋಗಿದ್ದರೆ ಆ ಬದಿಯನ್ನು ಕಸುಬುದಾರನಿಗೆ ಬಿಡುವುದು ವಿವೇಕ. ಕೊಳೆತ ಎಲೆಯಲ್ಲಿ ಚೇಳು, ಜರಿಗಳು ಮನೆಮಾಡಿರಬಹುದಾದ್ದರಿಂದ ಬರಿಗೈ ಹಾಕಬಾರದು. ಹಸಿ ಹೆಂಚಿನ ಮೇಲೆ ಕಾಲಿಡಬಾರದು. ಬುಡವನ್ನು ಹಿಡಿದುಕೊಳ್ಳಲು ಮನೆಯಾಕೆಯನ್ನೋ ಮಗನನ್ನೋ ಕರೆದರೆ ಯಜಮಾನಿಕೆಗೆ ಕುಂದೇನೂ ಬಾರದು. ಐವತ್ತು ದಾಟಿದವರು ಈ ಬುಡ ಹಿಡಿಯುವ ಹುದ್ದೆಯನ್ನೇ ತಮಗಿರಿಸಿಕೊಂಡರೆ ಇನ್ನೂ ಮೇಲು.

ಜಾಲರಿಯೊಂದು ಬಂದುಬಿಟ್ಟರೆ ದೋಣಿಯ ಚಿಂತೆ ತೀರಿತೆಂದು ನಂಬುವವರೇ ಹೆಚ್ಚು. ಅಪಾಯವಿರುವುದೂ ಇಲ್ಲಿಯೇ. ಜಾಲರಿ ಎಲೆಯನ್ನು ತಡೆಯುವಂತೆ ನೋಟವನ್ನೂ ತಡೆಯುತ್ತದೆ. ಹೆಂಚಿನ ಧೂಳು, ಹೂವಿನ ಪುಡಿ, ಹಕ್ಕಿಯ ಹಿಕ್ಕೆ ಕಣ್ಣುಗಳಲ್ಲಿ ಇಳಿದು ಕೆಳಗೆ ಕೆಸರಾಗುತ್ತವೆ. ಅದು ಹೊರಗೆ ಕಾಣುವುದಿಲ್ಲ. ಕಾಲಂಗುಲದ ಕಣ್ಣು ಎಲೆಗೆ ಬಾಗಿಲು ಮುಚ್ಚಿದರೂ ಸೊಳ್ಳೆಗೆ ಹೆಬ್ಬಾಗಿಲು. ಆದ್ದರಿಂದ ಮಳೆಗಾಲದ ಮುನ್ನ ಒಮ್ಮೆ, ಹಿಂಗಾರಿನ ತರುವಾಯ ಒಮ್ಮೆ ಜಾಲರಿಯನ್ನು ಎತ್ತಿ ನೋಡಲೇಬೇಕು. ಮಳೆಗಾಲದ ನಡುವೆ ಬಿಸಿಲು ಕಂಡ ದಿನ ಮೇಲಿನ ಎಲೆಯನ್ನು ಗುಡಿಸಬೇಕು. ಜಾಲರಿ ಕೆಲಸವನ್ನು ಕಡಿಮೆ ಮಾಡುತ್ತದೆ, ಕರ್ತವ್ಯವನ್ನಲ್ಲ.

ಬೆಂಗಳೂರಿನ ಗೃಹಸ್ಥರಿಗಂತೂ ಇದರಲ್ಲಿ ಇಮ್ಮಡಿ ಲಾಭ. 2009ರಲ್ಲಿ ಜಲಮಂಡಳಿಯ ಕಾಯಿದೆಗೆ ಆದ ತಿದ್ದುಪಡಿಯು ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆಯ ನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿತು. ದೋಣಿಯಲ್ಲಿ ಕೊಳೆತ ಎಲೆಯ ಕಷಾಯ ತೊಟ್ಟಿಗಿಳಿದರೆ ಆ ನೀರಿಗೆ ಬಣ್ಣವೂ ವಾಸನೆಯೂ ಬರುತ್ತವೆ. ಜಾಲರಿಯಿದ್ದು, ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಟ್ಟರೆ, ತೊಟ್ಟಿಯ ಮುಂದಿನ ಶೋಧಕದ ಹೊರೆ ಅರ್ಧ ಇಳಿದಂತೆ.

ಮರದ ಮಾತು ಉಳಿಯಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ನಗರದ ಬಹುಪಾಲು ಮರಗಳನ್ನು, ಅವು ಸ್ವಂತ ಅಂಗಳದಲ್ಲಿದ್ದರೂ, ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕಾಯಿದೆ ಇರದಿದ್ದರೂ ನ್ಯಾಯ ಒಂದಿದೆ. ಎಲೆಯುದುರಿಸುವುದು ಮರದ ಸ್ವಭಾವ. ಆ ಎಲೆಗೆ ದಾರಿ ತೋರುವುದು ಮನೆಯವನ ಹೊಣೆ. ಹೊಣೆ ಮರೆತವನು ಸ್ವಭಾವವನ್ನು ದಂಡಿಸಹೊರಟರೆ, ಮುಂದಿನ ಬೇಸಗೆಯ ಮಧ್ಯಾಹ್ನ ಬಿಸಿಯೇರಿದ ಹೆಂಚಿನ ಕೆಳಗೆ ಕುಳಿತು ದಂಡ ತೆರಬೇಕಾದವನು ಅವನೇ. ದೋಣಿಯಿಂದ ತೆಗೆದ ಎಲೆಯ ಗೊಬ್ಬರವನ್ನು ಆ ಮರದ ಬುಡಕ್ಕೇ ಸುರಿದುಬಿಡಬಹುದು. ಅದಕ್ಕಿಂತ ಒಳ್ಳೆಯ ಜಾಗ ಅದಕ್ಕಿಲ್ಲ.