ಮೊದಲು ಅನುಮೋದನೆ ಪತ್ರ, ಆಮೇಲೆ ಫೀಸು

ಪಿಯುಸಿ ಮುಗಿಸಿದ ಮಕ್ಕಳ ತಂದೆ-ತಾಯಂದಿರು, ಉಪನ್ಯಾಸಕರು ಹಾಗೂ ಜನಪ್ರತಿನಿಧಿಗಳಲ್ಲಿ ಒಂದು ವಿನಂತಿ



ಪಿಯುಸಿ ಫಲಿತಾಂಶ ಬಂತೆಂದರೆ ಸಾಕು, ಬಸ್ ನಿಲ್ದಾಣದ ಕಂಬಗಳಲ್ಲಿ, ಆಟೋಗಳ ಹಿಂಬದಿಯಲ್ಲಿ ಹೊಸ ಪೋಸ್ಟರ್‌ಗಳು ಕಾಣಿಸಿಕೊಳ್ಳುತ್ತವೆ. ನೀಲಿ ಆಕಾಶ, ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ನಗುವ ಹುಡುಗಿ, ಕೆಳಗೆ ದಪ್ಪಕ್ಷರದಲ್ಲಿ: ‘ಸರ್ಕಾರಿ ಮಾನ್ಯತೆ ಪಡೆದ ಏರ್ ಹೋಸ್ಟೆಸ್ ಕೋರ್ಸ್, ಕೆಲಸ ಗ್ಯಾರಂಟಿ.’ ಆ ಸಾಲಿನ ಮೊದಲ ಮೂರು ಪದಗಳಿಗಾಗಿ ಈ ಕರಪತ್ರ ಅಚ್ಚು ಹಾಕಿಸಿದ್ದೇನೆ.

ನಾನು ತಿಪಟೂರು ಕಡೆಯ ತೆಂಗು ಬೆಳೆಗಾರ. ಆ ಮೂರು ಪದ ನಂಬಿ ಮಗಳನ್ನು ಅಂಥ ಒಂದು ಸಂಸ್ಥೆಗೆ ಸೇರಿಸಿದೆ. ಆ ವರ್ಷದ ಕೊಬ್ಬರಿ ದುಡ್ಡು, ಸಹಕಾರ ಸಂಘದ ಸಾಲ ಎರಡೂ ಸೇರಿ ಒಂದೂವರೆ ಲಕ್ಷ ಕಟ್ಟಿದೆ. ತರಗತಿ ನೋಡಲು ಹೋದಾಗ ಗೋಡೆ ತುಂಬ ಕನ್ನಡಿ ಇತ್ತು. ಯಾವುದೋ ಹಳೆಯ ವಿಮಾನದ ಎರಡು ಸಾಲು ಸೀಟು ಇದ್ದವು, ಊಟದ ಟ್ರಾಲಿ ಇತ್ತು. ವಿಮಾನದ ಬಾಗಿಲಿನ ಚಿತ್ರ ಗೋಡೆಯ ಮೇಲಿತ್ತು. ಬಾಗಿಲು ಮಾತ್ರ ಇರಲಿಲ್ಲ. ಅದರ ಅರ್ಥ ಆಗ ನನಗೆ ತಿಳಿಯಲಿಲ್ಲ.

ಆರು ತಿಂಗಳು ನಡಿಗೆ, ಮೇಕಪ್, ಇಂಗ್ಲಿಷ್ ಕಲಿಸಿದರು. ಚಿನ್ನದ ಬಣ್ಣದ ಸೀಲು ಒತ್ತಿದ ಪ್ರಮಾಣಪತ್ರ ಕೈಗೆ ಬಂತು. ಬೆಂಗಳೂರಿನ ಸಂದರ್ಶನದಲ್ಲಿ ಪಿಯುಸಿ ಅಂಕಪಟ್ಟಿ ಕೇಳಿದರು, ಪಾಸ್‌ಪೋರ್ಟ್ ಕೇಳಿದರು, ಎತ್ತರ ಅಳೆದರು. ಆ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ. ಆ ಸಲ ಅವಳು ಆಯ್ಕೆಯಾಗಲಿಲ್ಲ. ಮರುವರ್ಷ ಬೇರೊಂದು ಸಂದರ್ಶನದಲ್ಲಿ ಆಯ್ಕೆಯಾದಳು. ಆಗ ವಿಮಾನಯಾನ ಕಂಪನಿಯವರು ಮೊದಲ ಪಾಠದಿಂದಲೇ ತರಬೇತಿ ಶುರು ಮಾಡಿದರು. ಹಿಂದೆ ಕಟ್ಟಿದ ಒಂದೂವರೆ ಲಕ್ಷ ಒಂದು ದಿನದ ತರಬೇತಿಯನ್ನೂ ಕಡಿಮೆ ಮಾಡಲಿಲ್ಲ.

ಒಂದು ರಾತ್ರಿ ಫೋನು ಮಾಡಿದಳು. "ಅಪ್ಪಾ, ಇವತ್ತು ಬಾಗಿಲು ತೆಗೆದೆ. ಎಷ್ಟು ಭಾರ ಗೊತ್ತಾ! ಮೊದಲು ಕಿಟಕಿಯಿಂದ ಹೊರಗೆ ಬೆಂಕಿ ಇದೆಯಾ ಅಂತ ನೋಡಬೇಕು. ಇದ್ದರೆ ಆ ಬಾಗಿಲು ಮುಟ್ಟಬಾರದು, ಜನರನ್ನ ಇನ್ನೊಂದು ಕಡೆ ಕಳಿಸಬೇಕು. ಕೂಗಿ ಕೂಗಿ ಗಂಟಲು ಬಿದ್ದುಹೋಗಿದೆ." ಗೋಡೆಯ ಮೇಲಿದ್ದ ಆ ಚಿತ್ರ ನನಗೆ ಅರ್ಥವಾದದ್ದು ಅವತ್ತು.

ಮಾನ್ಯತೆ ಕೊಡುವವರು ಯಾರು?

ನಮ್ಮ ದೇಶದಲ್ಲಿ ವಿಮಾನದೊಳಗಿನ ಸುರಕ್ಷತಾ ತರಬೇತಿಗೆ ಅನುಮೋದನೆ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಪೈಲಟ್‌ಗೆ ಕೊಡುವಂತೆ ಕ್ಯಾಬಿನ್ ಸಿಬ್ಬಂದಿಗೆ ಅದು ಲೈಸೆನ್ಸ್ ಕೊಡುವುದಿಲ್ಲ. ಕೆಲಸಕ್ಕೆ ತೆಗೆದುಕೊಂಡ ಕಂಪನಿಯೇ ಡಿಜಿಸಿಎ ಅನುಮೋದಿಸಿದ ಪಠ್ಯಕ್ರಮದಂತೆ ತರಬೇತಿ ಕೊಡಬೇಕು. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಅಪಾಯಕಾರಿ ಸರಕಿನ ತಿಳಿವಳಿಕೆ, ವಿಮಾನ ತೆರವು ಮಾಡಿಸುವ ಅಭ್ಯಾಸ ಎಲ್ಲ ಅದರಲ್ಲಿ ಸೇರಿವೆ. ಆಮೇಲೂ ಕಾಲಕಾಲಕ್ಕೆ ಮರುತರಬೇತಿ ಪಡೆದು ಪಾಸಾಗುತ್ತಲೇ ಇರಬೇಕು.

ಹಾಗಾದರೆ ಪೋಸ್ಟರಿನ ‘ಸರ್ಕಾರಿ ಮಾನ್ಯತೆ’ ಎಲ್ಲಿಂದ ಬಂತು? ವಿಚಾರಿಸಿದರೆ ಒಬ್ಬರು ಐಎಸ್‌ಒ ಪ್ರಮಾಣಪತ್ರ ತೋರಿಸುತ್ತಾರೆ, ಇನ್ನೊಬ್ಬರು ಸಣ್ಣ ಉದ್ಯಮದ ನೋಂದಣಿ ತೋರಿಸುತ್ತಾರೆ, ಮತ್ತೊಬ್ಬರು ಯಾವುದೋ ವಿಶ್ವವಿದ್ಯಾಲಯದ ಡಿಪ್ಲೊಮಾ ತೋರಿಸುತ್ತಾರೆ. ಆ ಕಾಗದಗಳು ಸುಳ್ಳಲ್ಲದಿರಬಹುದು. ಆದರೆ ಅಂಗಡಿಯ ಲೈಸೆನ್ಸ್ ತೋರಿಸಿ ಡಾಕ್ಟರ್ ಎಂದರೆ ಒಪ್ಪುತ್ತೇವೆಯೇ?

ಇದು ಬರೀ ದುಡ್ಡಿನ ಮಾತಲ್ಲ

2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ, ರನ್‌ವೇಯಲ್ಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಆ ಸಣ್ಣ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಸತ್ತರು. ದೊಡ್ಡ ವಿಮಾನದಲ್ಲಿ 379 ಜನ ಇದ್ದರು. ಎಂಟು ಬಾಗಿಲುಗಳ ಪೈಕಿ ಬಳಸಲು ಆದದ್ದು ಮೂರು. ಪ್ರಕಟಣೆಯ ಮೈಕು ಕೆಟ್ಟಿತ್ತು. ಒಂಬತ್ತು ಕ್ಯಾಬಿನ್ ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲೆತ್ತಿ ಕೂಗಿ, ಯಾವ ಬಾಗಿಲು ತೆಗೆಯಬೇಕು, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸಿದರು. 379 ಜನರೂ ಬದುಕಿ ಹೊರಬಂದರು.

ದೊಡ್ಡ ಪ್ರಯಾಣಿಕ ವಿಮಾನವೊಂದಕ್ಕೆ ಹಾರಲು ಒಪ್ಪಿಗೆ ಸಿಗಬೇಕಾದರೆ, ಅರ್ಧ ಬಾಗಿಲು ಮುಚ್ಚಿದ್ದರೂ ಎಲ್ಲರನ್ನೂ 90 ಸೆಕೆಂಡಿನಲ್ಲಿ ಇಳಿಸಬಹುದೆಂದು ತೋರಿಸಿಕೊಡಬೇಕು. ತರಬೇತಾದ ಸಿಬ್ಬಂದಿ ಇರುತ್ತಾರೆಂಬ ನಂಬಿಕೆಯ ಮೇಲೆಯೇ ಆ ಲೆಕ್ಕ ನಿಂತಿದೆ. ಡಿಜಿಸಿಎ ಅನುಮೋದನೆ ಎಂದರೆ ಆ ನಂಬಿಕೆಗೆ ಸರ್ಕಾರ ಹಾಕಿದ ರುಜು. ಆ ರುಜುವಿನ ಹೆಸರು ಹೇಳಿ ಲಿಪ್‌ಸ್ಟಿಕ್ ಪಾಠ ಮಾರುವುದು ಮಕ್ಕಳಿಗೂ ಮೋಸ, ಅನುಮೋದನೆ ಎಂಬ ಮಾತಿಗೂ ಅವಮಾನ.

ಪೈಲಟ್ ಆಗಬೇಕೆನ್ನುವವರಿಗೆ

ಪೈಲಟ್ ತರಬೇತಿಯ ದಾರಿ ಬೇರೆ. ನಮ್ಮ ದೇಶದಲ್ಲಿ ಹಾರಾಟ ಕಲಿಸುವ ಶಾಲೆಗೇ ಡಿಜಿಸಿಎ ಅನುಮೋದನೆ ಇರಬೇಕು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಬೇಕಾದ 200 ಗಂಟೆಗಳ ಹಾರಾಟವನ್ನು ಇಲ್ಲಿಯೇ ಕಲಿಯುವುದಾದರೆ ಅಂಥ ಕಡೆಯೇ ಕಲಿಯಬೇಕು. ನಮ್ಮ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಈಚಿನ ವರ್ಷಗಳಲ್ಲಿ ಕಲಬುರಗಿ, ಬೆಳಗಾವಿ ನಿಲ್ದಾಣಗಳಲ್ಲೂ ಶಾಲೆಗಳು ಬಂದಿವೆ. ಅನುಮೋದಿತ ಶಾಲೆಗಳ ಪಟ್ಟಿ ಡಿಜಿಸಿಎ ಬಳಿ ಇದೆ. 2025ರಿಂದ ಆ ಶಾಲೆಗಳಿಗೆ ದರ್ಜೆ ಕೊಡುವುದನ್ನೂ ಅದು ಶುರು ಮಾಡಿದೆ. ಲಕ್ಷಗಟ್ಟಲೆ ಸಾಲಕ್ಕೆ ಸಹಿ ಹಾಕುವ ಮುನ್ನ ಎರಡನ್ನೂ ನೋಡಿ. ಪೈಲಟ್ ಶಾಲೆಗೆ ಇಷ್ಟು ಬಹಿರಂಗ ಪರೀಕ್ಷೆ ಸಾಧ್ಯವಾದರೆ, ಗಗನಸಖಿ ಕೋರ್ಸ್ ಮಾರುವವರಿಗೆ ಯಾಕೆ ಸಾಧ್ಯವಿಲ್ಲ?

ನಮ್ಮ ಬೇಡಿಕೆ

1. ವಿಮಾನ ಸಿಬ್ಬಂದಿ ತರಬೇತಿಯ ಪ್ರತಿ ಜಾಹೀರಾತಿನಲ್ಲೂ ಅನುಮೋದನೆ ಕೊಟ್ಟವರು ಯಾರು, ಯಾವ ಕೋರ್ಸಿಗೆ, ಅದರ ಸಂಖ್ಯೆ ಏನು, ಯಾವ ದಿನಾಂಕದವರೆಗೆ ಎಂಬುದು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಇರಬೇಕು. ಇಲ್ಲದಿದ್ದರೆ ‘ಈ ಕೋರ್ಸಿಗೆ ಡಿಜಿಸಿಎ ಅನುಮೋದನೆ ಇಲ್ಲ, ಕೆಲಸಕ್ಕೆ ಸೇರಲು ಇದು ಕಡ್ಡಾಯವೂ ಅಲ್ಲ’ ಎಂದು ಅಷ್ಟೇ ದೊಡ್ಡದಾಗಿ ಬರೆಯಬೇಕು.

2. ಯುರೋಪ್ ಒಕ್ಕೂಟದಲ್ಲಿ ಕ್ಯಾಬಿನ್ ಸಿಬ್ಬಂದಿಗೆ ದೃಢೀಕರಣ ಪತ್ರ ಕಡ್ಡಾಯ. ಆಯಾ ದೇಶ ಒಪ್ಪಿದರೆ, ಅನುಮೋದನೆ ಪಡೆದ ತರಬೇತಿ ಸಂಸ್ಥೆಯೂ ಅದನ್ನು ಕೊಡಬಹುದು. ಇಲ್ಲಿಯೂ ಅಂಥ ವ್ಯವಸ್ಥೆ ಬರಲಿ. ಬಾಗಿಲು, ಜಾರುಪಟ್ಟಿ, ಹೊಗೆ ಕೋಣೆ, ಅರ್ಹ ಬೋಧಕರು ಇದ್ದಾರೆಯೇ ಎಂದು ತಪಾಸಣೆ ಮಾಡಿ ಅನುಮೋದಿಸಿದರೆ, ಅಲ್ಲಿ ಕಲಿತದ್ದನ್ನು ಕಂಪನಿಗಳೂ ಲೆಕ್ಕಕ್ಕೆ ಹಿಡಿಯಲಿ.

3. ಪೂರ್ತಿ ಫೀಸು ಒಟ್ಟಿಗೆ ಕಟ್ಟಿಸಿಕೊಳ್ಳುವುದು ನಿಲ್ಲಲಿ. ನಡುವೆ ಬಿಟ್ಟ ಮಕ್ಕಳಿಗೆ ಉಳಿದ ಹಣ ವಾಪಸ್ ಬರಲಿ.

‘ಹೀಗೆಲ್ಲ ನಿಯಮ ಮಾಡಿದರೆ ಸಣ್ಣ ಊರಿನ ಸಂಸ್ಥೆಗಳು ಮುಚ್ಚಿಹೋಗುತ್ತವೆ, ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು ಯಾರು?’ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನನ್ನ ಮಗಳಿಗೂ ಅಲ್ಲಿ ಕಲಿತ ಇಂಗ್ಲಿಷ್ ಕೈಹಿಡಿದಿದೆ. ಇಂಗ್ಲಿಷ್ ಕಲಿಸುವವರು ಇಂಗ್ಲಿಷ್ ಕೋರ್ಸ್ ಎಂದೇ ಬೋರ್ಡ್ ಹಾಕಲಿ, ಅದಕ್ಕೆ ತಕ್ಕ ಫೀಸು ಪಡೆಯಲಿ. ಅವರ ಬಾಗಿಲು ಮುಚ್ಚಿಸುವುದು ನಮ್ಮ ಉದ್ದೇಶವಲ್ಲ.

ನೀವು ಇಂದೇ ಮಾಡಬಹುದಾದದ್ದು

ಫೀಸು ಕಟ್ಟುವ ಮೊದಲು ಮೂರು ಮಾತು ಕೇಳಿ. ಡಿಜಿಸಿಎ ಅನುಮೋದನೆ ಪತ್ರದ ನಕಲು ಕೊಡುತ್ತೀರಾ? ಕೆಲಸದ ಗ್ಯಾರಂಟಿಯನ್ನು ರಸೀದಿಯ ಮೇಲೆ ಬರೆದು ಸಹಿ ಹಾಕುತ್ತೀರಾ? ತರಬೇತಿಗೆ ಇಟ್ಟಿರುವ ವಿಮಾನದ ಬಾಗಿಲು ಎಲ್ಲಿದೆ, ತೋರಿಸುತ್ತೀರಾ? ಒಂದಕ್ಕೆ ಉತ್ತರ ತಡವರಿಸಿದರೂ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬನ್ನಿ.

ಈಗಾಗಲೇ ಕಟ್ಟಿ ಮೋಸಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ನಾನೂ ಒಂದು ವರ್ಷ ಹಾಗೆಯೇ ಸುಮ್ಮನಿದ್ದೆ. ಪೋಸ್ಟರ್, ರಸೀದಿ, ಫೋನಿನ ಸಂದೇಶಗಳನ್ನು ಜೋಪಾನ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ದೂರು ಕೊಡುವವರಿದ್ದರೆ ಮಾತ್ರ ಆ ಕಾಯ್ದೆಗೆ ಬಲ.

ಓದಿದ ಮೇಲೆ ಈ ಕರಪತ್ರವನ್ನು ನಿಮ್ಮೂರ ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿ. ಪಕ್ಕದಲ್ಲಿ ನೀಲಿ ಆಕಾಶದ ಆ ಪೋಸ್ಟರ್ ಇದ್ದರೆ ಹರಿಯಬೇಡಿ. ಮಕ್ಕಳು ಎರಡನ್ನೂ ಓದಲಿ.

ಇಂತಿ,
ನಿಮ್ಮ ಹಾಗೆ ಮಗಳನ್ನು ಆಕಾಶಕ್ಕೆ ಕಳಿಸಿದ ಒಬ್ಬ ತಂದೆ