ದೀಪಕ್ಕೂ ಹೊಲ ಬಿಟ್ಟ ಊರು

ಎಂ.ಎ. ಮುಗಿಸಿದ ನಮ್ಮ ಕಡೆಯ ಹುಡುಗರು ಪಿಎಚ್.ಡಿ. ಮಾತೆತ್ತಿದರೆ ಸಾಕು, 'ಧಾರವಾಡವೋ ಹಂಪಿಯೋ?' ಎಂದು ಕೇಳುತ್ತಾರೆ. ಇಂಡಿಯಲ್ಲಿ ಕೂತು, ಸಿಂದಗಿಯಲ್ಲಿ ಕೂತು ಸಂಶೋಧನೆ ಮಾಡಬಹುದು ಎಂಬ ವಿಚಾರ ಕೇಳುವವರಿಗೂ ಬರುವುದಿಲ್ಲ, ಹೊರಟವರಿಗೂ ಬರುವುದಿಲ್ಲ. ವಿದ್ಯೆ ಎಂದರೆ ಬಸ್ಸು ಹತ್ತಿ ಹೋಗಿ ತರಬೇಕಾದದ್ದು ಎಂದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ತಾಲ್ಲೂಕುಗಳು ಯಾವಾಗ ನಂಬಿದವೋ ಗೊತ್ತಿಲ್ಲ. ಇಲ್ಲಿನ ಚರಿತ್ರೆ ಹೇಳುವುದು ಇದಕ್ಕೆ ತೀರ ವಿರುದ್ಧವಾದ ಮಾತು.

ಇಂಡಿ ತಾಲ್ಲೂಕಿನ ಸಾಲೋಟಗಿಯನ್ನೇ ನೋಡಿ. ಕ್ರಿ.ಶ. 945ರ ಅಲ್ಲಿನ ಕಂಬದ ಶಾಸನ ಒಂದು ವಿದ್ಯಾಕೇಂದ್ರದ ಲೆಕ್ಕಪತ್ರದಂತಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಎಂಬಾತ ಕಟ್ಟಿಸಿದ ಶಾಲೆ ಅದು. ಊರಿಗೆ ಆಗ ಪಾವಿಟ್ಟಗೆ ಎಂಬ ಹೆಸರು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಉಳಿಯಲು 27 ಮನೆಗಳು, ದೀಪ ಉರಿಸುವ ಖರ್ಚಿಗೆಂದೇ 12 ನಿವರ್ತನ ಭೂಮಿ. ನಿವರ್ತನ ಆ ಕಾಲದ ಹೊಲದ ಅಳತೆ. ರಾತ್ರಿ ಓದುವವನಿಗೆ ಬೆಳಕು ಬೇಕು, ಬೆಳಕಿಗೆ ಎಣ್ಣೆ ಬೇಕು, ಎಣ್ಣೆಗೆ ಹೊಲ ಬೇಕು ಎಂದು ಅಷ್ಟು ದೂರ ಯೋಚಿಸಿದ ಜನ ಅವರು. ಮಂತ್ರಿಯ ದಾನವೊಂದನ್ನೇ ನೆಚ್ಚಿ ಊರು ಸುಮ್ಮನೆ ಕೂರಲಿಲ್ಲ. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಯಾದರೆ ಎರಡೂವರೆ, ಚೌಲವಾದರೆ ಒಂದೂವರೆ ಕೊಡುವುದೆಂದು ಅಲ್ಲಿನ ಬ್ರಾಹ್ಮಣ ಕುಟುಂಬಗಳು ಒಪ್ಪಿಕೊಂಡವು. ಆ ಒಪ್ಪಂದವೂ ಅದೇ ಕಲ್ಲಿನಲ್ಲಿದೆ.

ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಹೊಲ ಉಳುವವನ ಮಗ, ನೇಯುವವನ ಮಗಳು ಅಲ್ಲಿ ಕೂತು ಓದಿದ ಕಾಲವಲ್ಲ ಅದು. ಆ ಬಾಗಿಲನ್ನು ಒಡೆಯುವ ಕೆಲಸ ಸುಮಾರು ಎರಡು ಶತಮಾನಗಳ ನಂತರ ಶುರುವಾಯಿತು. ಅದರ ಮುಂದಾಳು ಬಸವಣ್ಣ ಹುಟ್ಟಿದ ಬಾಗೇವಾಡಿಯೂ ಇದೇ ಸೀಮೆಯದು. ದೇವರು, ದೇಹ, ದುಡಿಮೆ, ಜಾತಿ ಇವುಗಳ ಬಗ್ಗೆ ಅಂಬಿಗ, ಮಡಿವಾಳ, ಸೂಳೆ, ರಾಣಿ ಎಲ್ಲರೂ ಆಡುಮಾತಿನ ವಚನಗಳಲ್ಲಿ ವಿಚಾರ ಮಾಡಿದ್ದು ತತ್ವಶಾಸ್ತ್ರವೇ. ಅದನ್ನು ಭಕ್ತಿಯೆಂದು ಮಾತ್ರ ಪಾಠ ಹೇಳಿ ಮುಗಿಸುವುದು ದೊಡ್ಡ ಅನ್ಯಾಯವೆಂದು ನನ್ನ ಅಭಿಪ್ರಾಯ.

ಆ ವಚನಗಳು ಓಲೆಗರಿಯ ಕಟ್ಟುಗಳಲ್ಲಿ ಧೂಳು ಹಿಡಿಯುತ್ತಿದ್ದಾಗ ಮನೆ ಮನೆ ತಿರುಗಿ ಕೂಡಿಸಿದವರು ವಿಜಯಪುರದ ವಕೀಲ ಫ.ಗು. ಹಳಕಟ್ಟಿ. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂತು. ಮುಂದೆ ಅವರು ಅದಕ್ಕಾಗಿಯೇ ಹಿತಚಿಂತಕ ಮುದ್ರಣಾಲಯ ಹಾಕಿದರು, 'ಶಿವಾನುಭವ' ಪತ್ರಿಕೆ ನಡೆಸಿದರು. ಅವರ ಬೆನ್ನಿಗೆ ವಿಶ್ವವಿದ್ಯಾಲಯ ಇರಲಿಲ್ಲ. ಹಳಕಟ್ಟಿಯವರು ತೆಗೆದ ದಾರಿಯಲ್ಲಿ ಮುಂದೆ ಬಂದ ಎಂ.ಎಂ. ಕಲಬುರ್ಗಿ ಸಿಂದಗಿ ತಾಲ್ಲೂಕಿನವರು, ಯರಗಲ್ಲ ಅವರ ಊರು. ಸರ್ಕಾರ ಹೊರತಂದ ಸಮಗ್ರ ವಚನದ 15 ಸಂಪುಟಗಳಿಗೆ ಅವರೇ ಪ್ರಧಾನ ಸಂಪಾದಕರು. ಶಾಸನ, ಹಸ್ತಪ್ರತಿ, ಸ್ಥಳನಾಮ ಮೂರನ್ನೂ ಒಟ್ಟಿಗಿಟ್ಟು ನೋಡುತ್ತಿದ್ದ ಅವರ 'ಮಾರ್ಗ 4' ಕೃತಿಗೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಬಾಗಿಲಲ್ಲೇ ಅವರಿಗೆ ಗುಂಡು ಹೊಡೆದರು. ಸಂಶೋಧನೆ ಯಾರಿಗೂ ತಾಗದ ಕೆಲಸವೆಂದು ಹೇಳುವವರು ಆ ದಿನವನ್ನು ನೆನೆಯಲಿ.

ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಕೂಡಿ ಮಾಡಿದ ಕೆಲಸವೂ ಇಂಥದೇ. ಹೆಣ್ಣುಮಕ್ಕಳು ಬೀಸುತ್ತ, ಕುಟ್ಟುತ್ತ ಹಾಡುವ ಪದಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಕನ್ನಡದಲ್ಲಿ ಜಾನಪದವೆಂಬ ವಿಷಯಕ್ಕೆ ವಿಶ್ವವಿದ್ಯಾಲಯಗಳಲ್ಲಿ ವಿಭಾಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಒಂದು ಹಳ್ಳಿಯ ಗೆಳೆಯರ ಗುಂಪು ಅದರ ಮೊದಲ ಪಾಠಪುಸ್ತಕ ಕೊಟ್ಟಿತ್ತು.

ಇನ್ನು ನಿಂಬಾಳ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ ಅಲಹಾಬಾದ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ಪ್ರಾಧ್ಯಾಪಕರಾಗಿ, ಕುಲಪತಿಯಾಗಿದ್ದ ಆರ್.ಡಿ. ರಾನಡೆ ನೆಲೆ ನಿಂತದ್ದು ಇಂಡಿ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ. ಕಣ್ಣು ಮುಚ್ಚಿದ್ದೂ ಅಲ್ಲಿಯೇ, 1957ರಲ್ಲಿ. ಉಪನಿಷತ್ತುಗಳ ಬಗ್ಗೆ ಅವರು 1926ರಲ್ಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ತತ್ವಶಾಸ್ತ್ರದ ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ. ಗ್ರೀಕ್ ತತ್ವಜ್ಞಾನವನ್ನೂ ಕನ್ನಡ, ಮರಾಠಿ ಸಂತರ ಪದಗಳನ್ನೂ ಒಂದೇ ಗಾಂಭೀರ್ಯದಿಂದ ಓದಿದ ಮನುಷ್ಯ ಅವರು. ಅವರ ಆಶ್ರಮಕ್ಕೆ ಭಕ್ತರು ಹೋಗುತ್ತಾರೆ, ಒಳ್ಳೆಯದೇ. ಇಂಡಿಯ ಕಾಲೇಜಿನ ಮಕ್ಕಳೂ ಅವರ ಪುಸ್ತಕ ಹಿಡಿದು ಅಲ್ಲಿಗೆ ಹೋಗಬೇಕು.

ಎಲ್ಲ ಆಗಿಹೋಯಿತು, ಇನ್ನೇನು ಉಳಿದಿದೆ ಎನ್ನುವಂತಿಲ್ಲ. ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿಯ 965ರ ಶಾಸನದ ಪ್ರಕಾರ, ಚಾಲುಕ್ಯ ತೈಲಪ ಆಗ ರಾಷ್ಟ್ರಕೂಟರ ಸಾಮಂತನಾಗಿ ತರ್ದವಾಡಿ ಸಾಸಿರ ನಾಡನ್ನು ಆಳುತ್ತಿದ್ದ. ಎಂಟೇ ವರ್ಷದಲ್ಲಿ ಅದೇ ಸಾಮಂತ ತನ್ನ ಒಡೆಯರನ್ನು ಕೆಡವಿ ಕಲ್ಯಾಣದ ಚಾಲುಕ್ಯ ರಾಜ್ಯ ಕಟ್ಟಿದ. ಆ ನಾಡಿನಲ್ಲಿ ಅವನಿಗೆ ಯಾರ ಬೆಂಬಲವಿತ್ತು, ಯಾವ ಮನೆತನಗಳು ಜೊತೆ ನಿಂತವು ಎಂಬ ಪ್ರಶ್ನೆಯನ್ನು ಊರೂರಿನ ಕಲ್ಲು ಓದಿಯೇ ಬಿಡಿಸಬೇಕು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಶರಣೆ ನೀಲಾಂಬಿಕೆಯ ಐಕ್ಯಸ್ಥಳ. ಅದೇ ಊರಿನ ಹೆಸರು 1565ರ ರಕ್ಕಸ-ತಂಗಡಿ ಯುದ್ಧಕ್ಕೂ ಸೇರಿಕೊಂಡಿದೆ. ಕಾಳಗ ನಡೆದ ಜಾಗ ಯಾವುದೆಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಕೃಷ್ಣೆಯನ್ನು ಎಲ್ಲಿ ನಡೆದು ದಾಟಬಹುದಿತ್ತು, ಬೇಸಿಗೆಗೆ ಎಲ್ಲಿ ಬಂಡೆ ಕಾಣುತ್ತಿತ್ತು ಎಂದು ಬಲ್ಲವರು ದಂಡೆಯ ಮುದುಕರು. ನಾರಾಯಣಪುರ ಜಲಾಶಯದ ಹಿನ್ನೀರು ದಂಡೆಯನ್ನೇ ಬದಲಿಸಿದೆ. ಹಳೆಯ ನದಿಯನ್ನು ಕಂಡವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಅವರ ಮಾತು ದಾಖಲಾಗಬೇಕಾದದ್ದು ಈಗ.

ವಿಜ್ಞಾನದವರಿಗೂ ಇಲ್ಲಿ ಕೆಲಸ ಬಿದ್ದಿದೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಹಣ್ಣಿನ ಗುಣಕ್ಕೆ ಮಣ್ಣು ಎಷ್ಟು ಕಾರಣ, ಬಾವಿಯ ನೀರು ಎಷ್ಟು ಕಾರಣ ಎಂದು ತೋಟದಿಂದ ತೋಟಕ್ಕೆ ಅಳೆದು ಬರೆಯುವ ಕೆಲಸ ಬಿ.ಎಸ್ಸಿ. ಮಕ್ಕಳ ಕೈಗೆ ನಿಲುಕುವಂಥದು. ಡೋಣಿ ನದಿ ದಂಡೆಯ ಎರೆಹೊಲದಲ್ಲಿ ಉಪ್ಪು ಏರಿದ್ದನ್ನೂ ಹಾಗೆಯೇ ಅಳೆಯಬಹುದು.

ಹಾಗಾದರೆ ಕೊರತೆ ಎಲ್ಲಿ? ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ಎನ್ನುವ ಮನುಷ್ಯ ಐದು ವರ್ಷದ ಅಧ್ಯಯನಕ್ಕೆ ಕೈ ಹಾಕುವುದು ಹೇಗೆ? ಕಾಯಂ ಆದವರಲ್ಲೂ ಹಲವರಿಗೆ ಪಿಎಚ್.ಡಿ. ಬಡ್ತಿಯ ಮೆಟ್ಟಿಲಾಗಿದೆ. ಈ ತಾಲ್ಲೂಕುಗಳ ಹಾಡು, ಗುಡಿ, ನೀರಿನ ಮೇಲೆ ಬರೆದ ಪ್ರಬಂಧ ರಟ್ಟು ಕಟ್ಟಿಸಿಕೊಂಡು ವಿಶ್ವವಿದ್ಯಾಲಯದ ಕಪಾಟು ಸೇರುತ್ತದೆ. ಹಾಡಿದ ಅಜ್ಜಿಯ ಊರಿಗೆ ಒಂದು ಪ್ರತಿ ಕೂಡ ಬರುವುದಿಲ್ಲ. ಇದು ಜನರಿಂದ ಪಡೆದು ಜನರಿಗೆ ತಿರುಗಿಸದ ಸಾಲ.

ಕೇಳುವುದು ಬಹಳವಿಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದೊಂದು ಸ್ಥಳೀಯ ಅಧ್ಯಯನ ಕೊಠಡಿ ಬೇಕು. ಅಲ್ಲಿ ಆ ತಾಲ್ಲೂಕಿನ ಶಾಸನಗಳ ಪಾಠ, ಹಳಕಟ್ಟಿ, ಕಲಬುರ್ಗಿ, ಹಲಸಂಗಿ ಗೆಳೆಯರ ಪುಸ್ತಕ, ರಾನಡೆಯವರ ಗ್ರಂಥ, ಈ ನೆಲದ ಮೇಲೆ ಬಂದ ಪ್ರತಿ ಪ್ರಬಂಧದ ಒಂದು ಪ್ರತಿ ಇರಬೇಕು. ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರವನ್ನು ನಾವೇ ಕಟ್ಟುತ್ತೇವೆ, ಆ ಹಣ ಎಲ್ಲಿ ಹೋಯಿತೆಂದು ಪುರಸಭೆಯನ್ನು ಕೇಳುವ ಹಕ್ಕೂ ನಮ್ಮದೇ. ಪಿಎಚ್.ಡಿ. ಪಡೆದ ಈ ಭಾಗದ ಅಧ್ಯಾಪಕರೇ, ಸರ್ಕಾರದ ಆದೇಶಕ್ಕೆ ಕಾಯಬೇಡಿ. ನಿಮ್ಮ ಪ್ರಬಂಧದ ಒಂದು ಪ್ರತಿಯನ್ನು ಈ ತಿಂಗಳೇ ನಿಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೆ ಕೊಟ್ಟು ಬನ್ನಿ.